ತೊಂಬತ್ತೊಂಬತ್ತು ಪೈಸೆಯ ಎಂಬಿಎ

ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಕಡಲದಂಡೆಯ ರಸ್ತೆಯಲ್ಲಿ ಋಷಿಕೊಂಡ ಎಂಬ ಗುಡ್ಡ ಸಿಗುತ್ತದೆ. ಆ ಗುಡ್ಡದ ತಲೆ ಬೋಳಿಸಿ ಸುಮಾರು 450 ಕೋಟಿ ರೂಪಾಯಿಯ ಕಟ್ಟಡಗಳನ್ನು ಕೂರಿಸಿದ್ದಾರೆ. ಕಟ್ಟಿಸಿದ ಸರ್ಕಾರ ಗೃಹಪ್ರವೇಶಕ್ಕೆ ಮುಹೂರ್ತ ಹುಡುಕುವಷ್ಟರಲ್ಲಿ 2024ರ ಚುನಾವಣೆ ಬಂತು, ಪ್ರಜೆಗಳು ಬೇರೆ ಮುಹೂರ್ತ ಇಟ್ಟರು. ಇದು ಮುಖ್ಯಮಂತ್ರಿಯ ಅರಮನೆ ಎಂದು ಗೆದ್ದವರು, ಇದು ಪ್ರವಾಸೋದ್ಯಮ ಇಲಾಖೆಯ ಆಸ್ತಿ ಎಂದು ಸೋತವರು. ಅರಮನೆ ಎಂದವರಿಗೆ ಒಳಗೆ ಹೋಗಿ ಇರಲು ನಾಚಿಕೆ, ಪ್ರವಾಸೋದ್ಯಮ ಎಂದವರಿಗೆ ಒಬ್ಬ ಪ್ರವಾಸಿಯನ್ನೂ ತೋರಿಸಲಾಗದ ಸಂಕಟ. ಹೋಟೆಲಿನವರಿಗೆ ಕೊಡೋಣವೇ, ಇನ್ನೇನಾದರೂ ಮಾಡೋಣವೇ ಎಂದು ಸಚಿವರು ಕೂತು ತಲೆ ಕೆರೆದುಕೊಂಡಿದ್ದೂ ಆಯಿತು.

ನಾನು ಪಕ್ಕದ ರಾಜ್ಯದವನು. ಆದರೂ ಬಿಟ್ಟಿ ಸಲಹೆ ಕೊಡಲು ಗಡಿ ಅಡ್ಡ ಬರುವುದಿಲ್ಲ. ಆ ಕಟ್ಟಡಗಳನ್ನು ಆಂಧ್ರ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿಗೆ ಕೊಟ್ಟುಬಿಡಿ.

ಕನ್ನಡಿಗನಿಗೆ ಯಾಕಪ್ಪಾ ಈ ಉಸಾಬರಿ ಎಂದು ಯಾರಾದರೂ ಕೇಳಿದರೆ ಲೆಕ್ಕ ಒಪ್ಪಿಸಲು ಸಿದ್ಧ. ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆ ನಡೆಸಿ ಅಲ್ಲಿಗೆ ಹೋದವರು. ಅವರ ನಂತರ 1931ರಲ್ಲಿ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ ಕೂಡ 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದ್ದವರೇ. 2015ರಲ್ಲಿ ವಿಶಾಖಪಟ್ಟಣಕ್ಕೆ ಐಐಎಂ ಬಂದಾಗ ಅದರ ಕೈಹಿಡಿದು ನಡೆಸುವ ಹೊಣೆ ಬಿದ್ದದ್ದು ಬೆಂಗಳೂರು ಐಐಎಂ ಮೇಲೆ. ನೂರು ವರ್ಷಗಳಿಂದ ಮೇಷ್ಟರುಗಳನ್ನು ಕಳಿಸಿಕೊಟ್ಟವರಿಗೆ ಒಂದು ಸಲಹೆ ಕೊಡುವ ಹಕ್ಕೂ ಇಲ್ಲವೇ?

ಈಗ ಆ ಬಿಸಿನೆಸ್ ಸ್ಕೂಲಿನ ಜಾತಕ ನೋಡೋಣ. ಭಾರತದಲ್ಲಿ ಮೊದಲ ಐಐಎಂಗಳು ಹುಟ್ಟಿದ್ದು 1961ರಲ್ಲಿ, ಕಲ್ಕತ್ತಾ ಮತ್ತು ಅಹಮದಾಬಾದಿನಲ್ಲಿ. ಆಂಧ್ರ ವಿಶ್ವವಿದ್ಯಾಲಯ ಅದಕ್ಕೂ ಮೊದಲೇ, 1957ರಲ್ಲಿ, ಎಂಬಿಎ ತೆರೆದದ್ದಾಗಿ ಹೇಳಿಕೊಳ್ಳುತ್ತದೆ. ಅಂದರೆ ಐಐಎಂಗಳಿಗೆ ಅಣ್ಣ. ಈ ಅಣ್ಣನ ಕ್ಯಾಂಪಸ್ಸಿಗೇ 2015ರಲ್ಲಿ ತಮ್ಮ ಬಂದು ಬಿಡಾರ ಹೂಡಿದ. ಬಿಡಾರದ ವಿಳಾಸ: ಆಂಧ್ರ ಬ್ಯಾಂಕ್ ಸ್ಕೂಲ್ ಆಫ್ ಬಿಸಿನೆಸ್ ಕಟ್ಟಡ, ಆಂಧ್ರ ವಿಶ್ವವಿದ್ಯಾಲಯದ ಆವರಣ. ನೆಲ ಸರ್ಕಾರಿ ವಿಶ್ವವಿದ್ಯಾಲಯದ್ದು, ಹೆಸರು ಬ್ಯಾಂಕಿನದ್ದು, ಒಳಗೆ ಪಾಠ ಐಐಎಂನದ್ದು. ಮುಂದೆ ಗಂಭೀರಂನಲ್ಲಿ ತಮ್ಮನ ಸ್ವಂತ ಮನೆ ಎದ್ದಿತು, 2024ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಯಿಂದಲೇ ಉದ್ಘಾಟನೆಯೂ ಆಯಿತು. ಅಷ್ಟರಲ್ಲಿ, 2020ರ ಏಪ್ರಿಲ್ 1ರಂದು, ಆಂಧ್ರ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿಹೋಗಿತ್ತು. ಬಿಸಿನೆಸ್ ಸ್ಕೂಲಿಗೆ ಹೆಸರು ಕೊಟ್ಟ ಬಿಸಿನೆಸ್ಸೇ ಉಳಿಯಲಿಲ್ಲ. ವಿಲೀನದ ಬಗ್ಗೆ ಪಾಠ ಮಾಡಲು ಮೇಷ್ಟರು ಪವರ್ ಪಾಯಿಂಟ್ ತೆರೆಯುವುದೇ ಬೇಡ, ಹುಡುಗರನ್ನು ಹೊರಗೆ ಕರೆದುಕೊಂಡು ಹೋಗಿ ಬೋರ್ಡು ತೋರಿಸಿದರೆ ಸಾಕು.

ನಗುವ ಮುನ್ನ ನಮ್ಮ ಮನೆ ಬಾಗಿಲನ್ನೂ ನೋಡಿಕೊಳ್ಳಬೇಕು. ಅದೇ ದಿನ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಕೂಡ ಯೂನಿಯನ್ ಬ್ಯಾಂಕಿನ ಹೊಟ್ಟೆ ಸೇರಿತು, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಮುಳುಗಿತು. ಬೆಂಗಳೂರು ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗದ ಹೆಸರು ಕೆನರಾ ಬ್ಯಾಂಕ್ ಸ್ಕೂಲ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್. ಪುಣ್ಯಕ್ಕೆ ನುಂಗಿದ ಬ್ಯಾಂಕಿನ ಹೆಸರು ಇಟ್ಟಿದ್ದರು. ನುಂಗಿಸಿಕೊಂಡ ಬ್ಯಾಂಕಿನ ಹೆಸರು ಇಟ್ಟಿದ್ದರೆ ಬೋರ್ಡಿಗೆ ಮತ್ತೆ ಟೆಂಡರು ಕರೆಯಬೇಕಿತ್ತು.

ಇರಲಿ, ಪ್ರಸ್ತಾವಕ್ಕೆ ಬರೋಣ. ಋಷಿಕೊಂಡದ ಕಟ್ಟಡಗಳಿಗೆ ವೇಂಗಿ, ಕಳಿಂಗ, ಗಜಪತಿ, ವಿಜಯನಗರ ಎಂದು ಹೆಸರುಗಳಿವೆ. ಅಳಿದುಹೋದ ಸಾಮ್ರಾಜ್ಯಗಳ ಹೆಸರು, ಅಂದರೆ ಮ್ಯಾನೇಜ್‌ಮೆಂಟ್ ಕಲಿಯಲು ಇದಕ್ಕಿಂತ ಪ್ರಾಮಾಣಿಕ ತರಗತಿ ಕೋಣೆಗಳು ಸಿಗಲಾರವು. ಒಂದೊಂದು ಬ್ಲಾಕಿಗೆ ಒಂದೊಂದು ವಿಷಯ ಹಂಚಬಹುದು. ಹಾರ್ವರ್ಡಿನಿಂದ ಕೇಸ್ ಸ್ಟಡಿ ತರಿಸುವ ಖರ್ಚೂ ಉಳಿಯುತ್ತದೆ, ಕೇಸುಗಳೆಲ್ಲ ಕಿಟಕಿಯಿಂದಲೇ ಕಾಣುತ್ತವೆ.

ವೇಂಗಿ ಬ್ಲಾಕಿನಲ್ಲಿ ಕಾರ್ಯತಂತ್ರದ ಪಾಠ. ಪಠ್ಯ: ಸ್ಥಳಾಂತರ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಾಲ್ಟೇರಿಗೆ ಬಂತು, ಬಂದು ಅಲ್ಲೇ ಬೇರು ಬಿಟ್ಟಿತು. ಸುಮಾರು ತೊಂಬತ್ತು ವರ್ಷ ಕಳೆದ ಮೇಲೆ ರಾಜ್ಯಕ್ಕೂ ಅದೇ ಹುಕಿ ಬಂತು. ಶಾಸನಕ್ಕೆ ಅಮರಾವತಿ, ಆಡಳಿತಕ್ಕೆ ವಿಶಾಖಪಟ್ಟಣ, ನ್ಯಾಯಕ್ಕೆ ಕರ್ನೂಲು ಎಂದು ಮೂರು ರಾಜಧಾನಿಗಳ ಕಾನೂನು 2020ರಲ್ಲಿ ಬಂತು, 2021ರ ನವೆಂಬರಿನಲ್ಲಿ ಹಿಂದೆ ಹೋಯಿತು. ಗುಡ್ಡ ಅಗೆದ ಜೆಸಿಬಿಗಳು ಮಾತ್ರ ಹಿಂದೆ ಹೋಗಲಿಲ್ಲ. ವಿದ್ಯಾರ್ಥಿಗಳಿಗೆ ಪ್ರಶ್ನೆ: ಒಂದು ವಿಶ್ವವಿದ್ಯಾಲಯ ಊರು ಬದಲಿಸಿ ನೆಲೆ ನಿಂತರೆ ಅದಕ್ಕೆ ಏನೆನ್ನುತ್ತಾರೆ? ಒಂದು ಸರ್ಕಾರ ಊರು ಬದಲಿಸದೆಯೇ ಅಷ್ಟು ಕೋಟಿ ಖರ್ಚು ಮಾಡಿದರೆ ಅದಕ್ಕೆ ಏನೆನ್ನುತ್ತಾರೆ? ಎರಡನೆಯದಕ್ಕೆ ಉತ್ತರಿಸುವವರು ತಮ್ಮ ಪಕ್ಷದ ಹೆಸರನ್ನು ಉತ್ತರ ಪತ್ರಿಕೆಯ ಮೇಲೆ ಬರೆಯತಕ್ಕದ್ದಲ್ಲ.

ಕಳಿಂಗ ಬ್ಲಾಕಿನಲ್ಲಿ ಮಾರ್ಕೆಟಿಂಗ್. ಗುಡ್ಡ ಕಡಿದು ಕೆಂಪು ಮಣ್ಣು ಬಯಲಾದಾಗ, ಊರವರ ಕಣ್ಣಿಗೆ ಅದು ಚುಚ್ಚುತ್ತದೆಂದು ಬೋಳು ಇಳಿಜಾರಿಗೆ ಹಸಿರು ಬಣ್ಣದ ಹೊದಿಕೆ ಹಾಸಿದರು. ದೂರದಿಂದ ನೋಡಿದರೆ ಗುಡ್ಡ, ಹತ್ತಿರದಿಂದ ನೋಡಿದರೆ ಮದುವೆ ಛತ್ರದ ಚಾಪೆ. ಗ್ರೀನ್ ಮಾರ್ಕೆಟಿಂಗ್ ಬಗ್ಗೆ ಮಾರ್ಕೆಟಿಂಗ್ ಗುರು ಕೊಟ್ಲರ್ ಎಷ್ಟು ಅಧ್ಯಾಯ ಬರೆದರೂ ಹಸಿರನ್ನು ಇಷ್ಟು ಅಕ್ಷರಶಃ ಯಾರೂ ಹಾಸಿರಲಿಲ್ಲ. ಗುಡ್ಡದ ಬುಡದಲ್ಲೇ ಋಷಿಕೊಂಡ ಬೀಚು. 2020ರ ಅಕ್ಟೋಬರಿನಲ್ಲಿ ನೀಲಿ ಬಾವುಟದ ಗೌರವ ಪಡೆದ ದೇಶದ ಮೊದಲ ಎಂಟು ಬೀಚುಗಳಲ್ಲಿ ಅದೂ ಒಂದು, ನಮ್ಮ ಕಾಸರಕೋಡು ಮತ್ತು ಪಡುಬಿದ್ರಿಗಳ ಜೊತೆಗೆ. 2025ರ ಆರಂಭದಲ್ಲಿ ನಿರ್ವಹಣೆ ಸರಿಯಿಲ್ಲವೆಂದು ಆ ಬಾವುಟ ಕೆಳಗಿಳಿಯಿತು, ಗಲಾಟೆಯಾದ ಮೇಲೆ ಮತ್ತೆ ಏರಿತು. ಬಂಡವಾಳ ಸುರಿದ ಗುಡ್ಡಕ್ಕೆ ಗಿರಾಕಿಯಿಲ್ಲ, ಗಿರಾಕಿಗಳು ಮುತ್ತಿಕೊಳ್ಳುವ ಬೀಚಿಗೆ ಕಸ ಗುಡಿಸುವವರಿಲ್ಲ. ಪ್ರಾಡಕ್ಟು, ಪ್ಲೇಸು, ಪ್ರೈಸು, ಪ್ರೊಮೋಷನ್ನು ಎಂಬ ನಾಲ್ಕೂ ಪಾಠ ಒಂದೇ ಕಿಲೋಮೀಟರಿನೊಳಗೆ.

ಗಜಪತಿ ಬ್ಲಾಕು ಹಣಕಾಸಿಗೆ. ಇದು ಕಷ್ಟದ ವಿಷಯ, ನಿಧಾನವಾಗಿ ಓದಿ. 2025ರ ಏಪ್ರಿಲಿನಲ್ಲಿ ಆಂಧ್ರ ಸಚಿವ ಸಂಪುಟ ಋಷಿಕೊಂಡದ ಮೂರನೇ ಐಟಿ ಗುಡ್ಡದಲ್ಲಿ 21.16 ಎಕರೆಯನ್ನು ಟಿಸಿಎಸ್ ಕಂಪನಿಗೆ ಕೊಡಲು ಒಪ್ಪಿತು. ಬೆಲೆ 99 ಪೈಸೆ. ಹನ್ನೆರಡು ಸಾವಿರ ಉದ್ಯೋಗ ಬರುತ್ತದೆ ಎಂಬುದು ಲೆಕ್ಕಾಚಾರ. ಬರಲಿ, ಯಾರಿಗೆ ಬೇಡ? ನನ್ನ ತಲೆ ಕೆಡಿಸಿದ್ದು ಆ ಒಂದು ಪೈಸೆ. ಒಂದು ರೂಪಾಯಿ ಎಂದರೆ ದುಬಾರಿ ಅನಿಸೀತು ಎಂದು ಬಾಟಾ ಚಪ್ಪಲಿಯ ದರದಂತೆ 99ಕ್ಕೆ ನಿಲ್ಲಿಸಿದರೇ? ಸರಿ, ಕಂಪನಿ ಕೊಡುವುದಾದರೂ ಹೇಗೆ? ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿದೆ. ಒಂದು ರೂಪಾಯಿ ಕೊಟ್ಟರೆ ಚಿಲ್ಲರೆಯೆಂದು ಖಜಾನೆಯವರು ಒಂದು ಚಾಕಲೇಟು ಕೊಡಬೇಕಾದೀತು. ಆ ಚಾಕಲೇಟಿನ ಬೆಲೆ ಒಂದು ಪೈಸೆಗಿಂತ ಹೆಚ್ಚಾದ್ದರಿಂದ ಸರ್ಕಾರಕ್ಕೆ ನಷ್ಟ, ನಷ್ಟಕ್ಕೆ ಆಡಿಟ್ ಆಕ್ಷೇಪ.

ಇದೇ ರಾಜ್ಯದ, ಇದೇ ದೇಶದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಹೇಳುವ ಮಾತು ಬೇರೆ. ಸ್ವಂತ ಕಾಲ ಮೇಲೆ ನಿಲ್ಲಿ, ಸಂಪನ್ಮೂಲ ನೀವೇ ಹುಡುಕಿಕೊಳ್ಳಿ, ಸೆಲ್ಫ್ ಫೈನಾನ್ಸ್ ಸೀಟು ತೆರೆಯಿರಿ. ಆಗ ಎಲ್ಲರ ಕಣ್ಣು ಬೀಳುವುದು ಬಿಸಿನೆಸ್ ಸ್ಕೂಲಿನ ಮೇಲೆ. ವಿಶ್ವವಿದ್ಯಾಲಯವೆಂಬ ಕೂಡು ಕುಟುಂಬದಲ್ಲಿ ಎಂಬಿಎ ವಿಭಾಗ ದುಡಿಯುವ ಮಗ. ಸಂಸ್ಕೃತ, ತತ್ವಶಾಸ್ತ್ರ, ಶಾಸನಶಾಸ್ತ್ರ ಎಂಬ ಅತ್ತೆ, ಚಿಕ್ಕಪ್ಪಂದಿರ ಔಷಧಿ ಖರ್ಚೂ ಅವನ ಮೇಲೆಯೇ. ಮಗನ ಅಂಗಿ ಹರಿದಿದ್ದರೂ ಯಾರೂ ನೋಡುವುದಿಲ್ಲ, ಸಂಬಳದ ದಿನ ಮಾತ್ರ ಎಲ್ಲರಿಗೂ ಅವನ ನೆನಪು. ಬೆಳಗ್ಗೆ ಒಂಬತ್ತಕ್ಕೆ ‘ಸ್ಪರ್ಧಾತ್ಮಕ ಅನುಕೂಲ’ ಎಂಬ ಪಾಠ ಮಾಡಿದ ಮೇಷ್ಟರು ಹತ್ತಕ್ಕೆ ಪ್ರೊಜೆಕ್ಟರ್ ಬಲ್ಬಿಗೆ ಮೂರು ಕೊಟೇಷನ್ ತರಲು ಹೊರಡುತ್ತಾರೆ. ಅತಿ ಕಡಿಮೆ ದರದ ಬಲ್ಬು ಬರುತ್ತದೆ. ಮರುದಿನ ಪಾಠ ಕತ್ತಲಲ್ಲಿ.

ಉಳಿದ ವಿಜಯನಗರ ಬ್ಲಾಕನ್ನು ಮಾನವ ಸಂಪನ್ಮೂಲಕ್ಕೆ ಮೀಸಲಿಡೋಣ. 1921ರಲ್ಲಿ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತಾಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕತೆ ಮೈಸೂರಿನವರಿಗೆಲ್ಲ ಬಾಯಿಪಾಠ. ಇವತ್ತಿನ ಮೇಷ್ಟರುಗಳಲ್ಲಿ ಹಲವರು ಅತಿಥಿ ಉಪನ್ಯಾಸಕರು. ವರ್ಷವರ್ಷವೂ ಅತಿಥಿ, ಆದರೆ ಸತ್ಕಾರವಿಲ್ಲ. ಸೆಮಿಸ್ಟರ್ ಮುಗಿದೊಡನೆ ಅವರ ಬಂಡಿಯನ್ನು ಎಳೆಯುವವರಿಲ್ಲ, ತಳ್ಳುವವರು ಇದ್ದಾರೆ. ಕುಲಪತಿಗಳ ಸ್ಥಿತಿಯೂ ಬಹಳ ಭಿನ್ನವಲ್ಲ. ಆಂಧ್ರದಲ್ಲಿ 2024ರಲ್ಲಿ ಸರ್ಕಾರ ಬದಲಾದ ಬೆನ್ನಿಗೇ ಕುಲಪತಿಗಳು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಆಂಧ್ರ ವಿಶ್ವವಿದ್ಯಾಲಯಕ್ಕೆ ಪೂರ್ಣಾವಧಿಯ ಹೊಸ ಕುಲಪತಿ ಬಂದದ್ದು 2025ರ ಫೆಬ್ರವರಿಯಲ್ಲಿ. ಶತಮಾನೋತ್ಸವಕ್ಕೆ ಪೆಂಡಾಲು ಹಾಕುವ ಹೊತ್ತಿಗೆ ಸರಿಯಾಗಿ. ನಾಯಕತ್ವದ ಉತ್ತರಾಧಿಕಾರ ಎಂಬ ಅಧ್ಯಾಯವನ್ನು ಪಠ್ಯದಲ್ಲಿ ಇಟ್ಟವರೇ ಉತ್ತರಾಧಿಕಾರಿಗಾಗಿ ತಿಂಗಳುಗಟ್ಟಲೆ ಕಾದರು.

ಕೊನೆಗೊಂದು ಐಚ್ಛಿಕ ವಿಷಯ ಬೇಕಲ್ಲ, ಅದನ್ನು ಕರ್ನಾಟಕದಿಂದ ಎರವಲು ಕೊಡುತ್ತೇವೆ. ಆಂಧ್ರದವರು ಗುಡ್ಡ ಕಡಿದು ಕಟ್ಟಡ ಕಟ್ಟಿದರು. ನಾವು ಬುದ್ಧಿವಂತರು, ಕಟ್ಟಡವೇ ಇಲ್ಲದೆ ವಿಶ್ವವಿದ್ಯಾಲಯ ಕಟ್ಟಿದೆವು. ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಎಂದು ಒಂದೇ ಏಟಿಗೆ ಏಳು, ತಲಾ ಎರಡು ಕೋಟಿ ರೂಪಾಯಿಯ ಬುತ್ತಿ ಕಟ್ಟಿಕೊಟ್ಟು. ಬೆಂಗಳೂರಿನಲ್ಲಿ ಎರಡು ಕೋಟಿಗೆ ಒಂದು ಒಳ್ಳೆಯ ಫ್ಲ್ಯಾಟು ಸಿಗುವುದು ಕಷ್ಟ, ನಮಗೆ ಒಂದು ವಿಶ್ವವಿದ್ಯಾಲಯ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿಗಳ ನೇತೃತ್ವದ ಸಂಪುಟ ಉಪಸಮಿತಿ ಕೂತು, ಹಣವಿಲ್ಲ ಎಂದು, ಈ ಏಳೂ ಸೇರಿದಂತೆ ಹೊಸ ಹತ್ತರಲ್ಲಿ ಒಂಬತ್ತನ್ನು ಮುಚ್ಚಲು ಹೇಳಿತು. ಬೀದರ್ ಒಂದು ಬಚಾವಾಯಿತು. ತೆರೆದವರು ದೂರದೃಷ್ಟಿ ಎಂದರು, ಮುಚ್ಚುವವರು ಮಿತವ್ಯಯ ಎಂದರು, ನಡುವೆ ಸೇರಿಕೊಂಡ ಮಕ್ಕಳು ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ಹೆಸರು ಬರುತ್ತದೆ ಎಂದು ಕೇಳಿದರು. ಇತ್ತ ಮೈಸೂರು ವಿಶ್ವವಿದ್ಯಾಲಯ, 1916ರ ಹಿರಿಯಜ್ಜಿ, ನಿವೃತ್ತ ಮೇಷ್ಟರುಗಳ ಪಿಂಚಣಿಗೆ ಪರದಾಡುತ್ತಿದೆ. ಮೈಸೂರಿನ ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲೂ ಧಾರವಾಡದ ಕೌಸಾಳಿ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲೂ ನಗದು ಹರಿವಿನ ನಿರ್ವಹಣೆಯನ್ನು ಸೊಗಸಾಗಿ ಕಲಿಸುತ್ತಾರೆ. ನಗದು ಮಾತ್ರ ಅವರ ಕಡೆಗೆ ಹರಿಯುವುದಿಲ್ಲ, ಅದೇನು ಪಾಠದ ದೋಷವಲ್ಲ.

ಪ್ರಸ್ತಾವ ಒಪ್ಪಿಗೆಯಾದರೆ ಏನಾಗುತ್ತದೆಂದು ಊಹಿಸಬಲ್ಲೆ. ಗುಡ್ಡದ ಕಟ್ಟಡಗಳನ್ನು ಬಿಸಿನೆಸ್ ಸ್ಕೂಲಿಗೆ ಹಸ್ತಾಂತರಿಸುವ ಆದೇಶ ಬರುತ್ತದೆ. ಆದೇಶದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ‘ನಿರ್ವಹಣಾ ವೆಚ್ಚವನ್ನು ವಿಭಾಗವೇ ಭರಿಸತಕ್ಕದ್ದು’ ಎಂದಿರುತ್ತದೆ. ಹವಾನಿಯಂತ್ರಣದ ಕರೆಂಟು ಬಿಲ್ಲಿಗೇ ವಿಭಾಗದ ವರ್ಷದ ಅನುದಾನ ಸಾಲುವುದಿಲ್ಲ. ಆಗ ವಾರಾಂತ್ಯಕ್ಕೆ ವೇಂಗಿ ಬ್ಲಾಕನ್ನು ಮದುವೆಗೂ ಕಳಿಂಗವನ್ನು ಸಿನಿಮಾ ಶೂಟಿಂಗಿಗೂ ಬಾಡಿಗೆ ಕೊಡುತ್ತಾರೆ. ಕಾರ್ಯತಂತ್ರದ ಮೇಷ್ಟರು ಕ್ಯಾಟರಿಂಗ್ ನೋಡಿಕೊಳ್ಳುತ್ತಾರೆ, ಹಣಕಾಸಿನವರು ಪಾರ್ಕಿಂಗ್ ಚೀಟಿ ಹರಿಯುತ್ತಾರೆ. ಎರಡೇ ವರ್ಷದಲ್ಲಿ ವಿಭಾಗಕ್ಕೆ ಲಾಭ ಬರುತ್ತದೆ. ಲಾಭ ಬಂದ ಸುದ್ದಿ ರಾಜಧಾನಿ ತಲುಪಿದೊಡನೆ, ಅದು ಯಾವುದೇ ರಾಜಧಾನಿ ಇರಲಿ, ಒಂದು ಟಿಪ್ಪಣಿ ಹೊರಡುತ್ತದೆ: ಇಷ್ಟು ಲಾಭ ತರುವ ಕಟ್ಟಡ ವಿಶ್ವವಿದ್ಯಾಲಯದ ಕೈಯಲ್ಲಿ ಏಕಿರಬೇಕು? ಖಾಸಗಿಯವರಿಗೆ ಕೊಡಬಹುದಲ್ಲ, ಒಂದು ಒಳ್ಳೆಯ ದರಕ್ಕೆ.

ದರದ ವಿಷಯದಲ್ಲಿ ಈಗಾಗಲೇ ಒಂದು ಪೂರ್ವನಿದರ್ಶನವಿದೆ. ಚಿಲ್ಲರೆ ಮಾತ್ರ ಕೊಳ್ಳುವವರೇ ತರತಕ್ಕದ್ದು.