ಸೆಲ್ಫ್ ಎತ್ತದ ಅಂಬಾಸಿಡರ್

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಬಿಸಿಲಿಗೆ ಮನುಷ್ಯ ತಲೆ ತಿರುಗಿ ಬಿದ್ದರೆ ನಾಲ್ಕು ಮಂದಿ ಸೇರುತ್ತಾರೆ. ಅಂಬಾಸಿಡರ್ ನಿಂತರೆ ನಲವತ್ತು ಮಂದಿ. ಬಿದ್ದವನಿಗೆ ನೀರು ಕುಡಿಸಿ ಹೋಗಿಬಿಡುತ್ತಾರೆ. ಕಾರಿಗೆ ಮಾತ್ರ ಇಂಥದೇ ರೋಗ ಎಂದು ಹೇಳದೆ ಯಾರೂ ಕದಲುವುದಿಲ್ಲ.

ನನ್ನದು ಅಪ್ಪನಿಂದ ಬಂದ ಬಿಳಿ ಅಂಬಾಸಿಡರ್. ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಹುಟ್ಟಿದ್ದು ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ. 2014ರ ಮೇ ತಿಂಗಳಲ್ಲಿ ಅಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಅದೇ ವರ್ಷ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಊರು ಹೊಸ ಹೆಸರು ಹೊತ್ತು ಮುಂದೆ ನಡೆಯಿತು. ನನ್ನ ಕಾರು ಮಾತ್ರ ನಡೆಯಬೇಕೋ ಬೇಡವೋ ಎಂದು ದಿನಾ ಬೆಳಿಗ್ಗೆ ಹೊಸದಾಗಿ ತೀರ್ಮಾನಿಸುತ್ತದೆ.

ಮೇ ತಿಂಗಳ ಒಂದು ಮಧ್ಯಾಹ್ನ ಕಮಲಾಪುರಕ್ಕೆ ಹೊರಟಿದ್ದೆ. ಬೀಗರ ಮನೆಯ ಊಟ, ಬರುವಾಗ ಒಂದು ಗೊನೆ ಕೆಂಬಾಳೆ ಎಂಬ ಆಸೆ. ಚಾವಿ ತಿರುವಿದೆ. ‘ಟಕ್’ ಎಂದಿತು. ಮತ್ತೆ ತಿರುವಿದೆ. ಮತ್ತದೇ ‘ಟಕ್’.

“ಪೆಟ್ರೋಲ್ ಅದ ಇಲ್ಲ ನೋಡ್ರಿ” ಎಂದರು ಆಟೋದವರು. ಎಂಜಿನ್ ಗಿರಗಿರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲು, ಪ್ಲಗ್ಗುಗಳ ಮಾತು. ತಿರುಗುವುದೇ ಇಲ್ಲವೆಂದರೆ ಪಂಪಿನ ಟ್ಯಾಂಕಿನೊಳಗೇ ಕಾರು ಇಳಿಸಿದರೂ ಪ್ರಯೋಜನವಿಲ್ಲ. ಅಷ್ಟರಲ್ಲಿ ಚಹಾ ಅಂಗಡಿಯವರ ಅಪ್ಪಣೆಯಾಯಿತು: “ಹಾರ್ನ್ ಹೊಡೀರಿ.” ಹೊಡೆದೆ. ಬಜಾರ ಬೆಚ್ಚಿತು. “ಬ್ಯಾಟ್ರಿ ಭೇಷ್ ಅದರಿ!” ಹಾರ್ನಿಗೆ ನಾಲ್ಕೈದು ಆಂಪಿಯರ್ ಸಾಕು, ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಮಿಕ್ಕಿ ಬೇಕು ಎಂದು ನಲವತ್ತು ಮಂದಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ.

ಒಬ್ಬ ಮೆಕ್ಯಾನಿಕ್ ಬಗ್ಗಿ ಕೂಡ ನೋಡದೆ ತೀರ್ಪು ಕೊಟ್ಟ: “ಸ್ಟಾರ್ಟರ್ ಪೂರಾ ಹೋಗ್ಯಾದ, ಬಿಚ್ಚಬೇಕಾಗ್ತದ.” ಒಬ್ಬ ಹುರಿಯಾಳು ಡಿಕ್ಕಿಯಿಂದ ಎಂಜಿನ್ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಎಳೆದು ತೋಳು ಮಡಚಿದ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟೇ ಮುರಿಯುತ್ತದೆ. ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕು. ಈ ಒದೆತ ತಪ್ಪಲೆಂದೇ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಂದಿನಿಂದ ಕೈ ಉಳಿಯಿತು, ತಲೆಬಿಸಿ ಶುರುವಾಯಿತು.

ಕೊನೆಗೆ ಬಾಯಿ ಬಿಟ್ಟವರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು. “ಮುಂದಿನ ಲೈಟ್ ಹಚ್ಚಿ ಚಾವಿ ತಿರುವ್ರಿ.” ತಿರುವಿದೆ. ಉರಿಯುತ್ತಿದ್ದ ಲೈಟು ಸತ್ತಂತೆ ಮಂಕಾಯಿತು. ಲೈಟು ಮಂಕಾಗದೆ ಸ್ಟಾರ್ಟರ್ ಸುಮ್ಮನಿದ್ದರೆ ಸ್ವಿಚ್ಚು, ಸೊಲೆನಾಯ್ಡ್ ಕಡೆ ನೋಡಬೇಕಂತೆ. ಮಂಕಾದರೆ ಬ್ಯಾಟರಿ, ಟರ್ಮಿನಲ್ಲು, ಇಲ್ಲವೇ ಜಾಮಾದ ಸ್ಟಾರ್ಟರ್.

ಎದುರಿನ ಅಂಗಡಿಯಿಂದ ಮೀಟರ್ ಬಂತು. ಬ್ಯಾಟರಿಯ ಸೀಸದ ಗೂಟಗಳ ಮೇಲೆ ಕಡ್ಡಿ ಇಟ್ಟರೆ 12.5 ವೋಲ್ಟ್, ಚಾವಿ ತಿರುವಿದರೂ ಕುಗ್ಗಲಿಲ್ಲ. ಗೂಟದಿಂದ ತುಸು ಸರಿಸಿ ಕೇಬಲ್ಲಿನ ಹಿಡಿಕೆಗಳ ಮೇಲಿಟ್ಟು ತಿರುವಿದರೆ ವೋಲ್ಟು ಪಾತಾಳಕ್ಕೆ. ಟಾಕಿ ತುಂಬಾ ನೀರು, ನಲ್ಲಿಯ ಬಾಯಲ್ಲಿ ಕಸ! ಗೂಟಕ್ಕೂ ಹಿಡಿಕೆಗೂ ನಡುವೆ ಬಿಳಿ-ಹಸಿರು ಕಿಲುಬು ಕಟ್ಟಿತ್ತು.

ಚಹಾ ಅಂಗಡಿಯಿಂದ ಬಿಸಿನೀರು, ಮಿರ್ಚಿ ಭಜಿ ಬಂಡಿಯಿಂದ ಚಿಟಿಕೆ ಸೋಡಾ ಬಂದವು. ಅರ್ಥ್ ತಂತಿಯನ್ನು ಮೊದಲು ಬಿಚ್ಚಿ ಸೋಡಾ ನೀರು ಸುರಿದರೆ ಆ್ಯಸಿಡ್ ಕಿಲುಬು ನೊರೆನೊರೆಯಾಗಿ ಕರಗಿತು. ಮರಳುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿ ಚಾವಿ ತಿರುವಿದೆ. ‘ಗರ್ರ್’ ಎಂದು ಎಂಜಿನ್ ಎದ್ದಿತು. “ನಾ ಮೊದಲೇ ಹೇಳಿದ್ದಿಲ್ಲೇನ್ರಿ?” ಎಂದು ನಲವತ್ತೂ ಮಂದಿ ಒಟ್ಟಿಗೆ ಕೇಳಿದರು. ಹಿರಿಯರೊಬ್ಬರೇ ಏನೂ ಹೇಳದೆ ಮೀಟರ್ ವಾಪಸು ಕೊಡಲು ಹೋದರು.

ಹಳೆ ಕಾರು ಸಾಕಿದವರಿಗೆ ಇಷ್ಟೇ ಹೇಳುವುದು: ಬಿಚ್ಚುವ ಮೊದಲು ಉಜ್ಜಿ ನೋಡಿ, ಕೊಳ್ಳುವ ಮೊದಲು ಅಳೆದು ನೋಡಿ, ಸ್ಟಾರ್ಟರಿನ ಸರದಿ ಕೊನೆಗೆ. ಹಾಗೆಯೇ, ತಪ್ಪು ರೋಗ ಹೇಳಿದವರಿಗೂ ಚಹಾ ಕುಡಿಸಿ. ಯಾವ ಉಪಾಯವೂ ಫಲಿಸದ ದಿನ ಗಾಡಿ ತಳ್ಳುವವರು ಅವರೇ.