ಮನೆ ನೋಡಲು ಆಷಾಢವೇ ಸರಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದರೆ ನಾವು ಮನೆ ನೋಡುವುದಕ್ಕಿಂತ ಓನರ್ ನಮ್ಮನ್ನು ನೋಡುವುದೇ ಹೆಚ್ಚು. ಎಲ್ಲಿ ಕೆಲಸ, ಎಷ್ಟು ಜನ, ವೆಜ್ಜೋ ನಾನ್‌ವೆಜ್ಜೋ, ಊರಿಂದ ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ... ಇಷ್ಟಕ್ಕೂ ಉತ್ತರ ಕೊಟ್ಟು ಹೊರಗೆ ಬರುವಷ್ಟರಲ್ಲಿ ಅಡುಗೆಮನೆಗೆ ಕಿಟಕಿ ಇತ್ತೋ ಇಲ್ಲವೋ ಎಂಬುದೇ ಮರೆತುಹೋಗಿರುತ್ತದೆ. ಹಾಗಾಗಿ ನಾವು ಕೆಲಸ ಹಂಚಿಕೊಂಡಿದ್ದೇವೆ. ಓನರ್ ಪ್ರಶ್ನೆಗಳಿಗೆ ನಾನು; ನಲ್ಲಿ, ಗೋಡೆಗಳ ವಿಚಾರಣೆಗೆ ನನ್ನ ಹೆಂಡತಿ.

ಅವಳು ಹಾಲ್ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ಬಚ್ಚಲಿಗೆ ನುಗ್ಗುತ್ತಾಳೆ. ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟಿದ್ದರೆ ಬೋರ್‌ವೆಲ್ ನೀರು ಎಂದೇ ಲೆಕ್ಕ. "ಇಲ್ಲಿ ನಮ್ಮ ಬೇಳೆ ಬೇಯಲ್ಲ, ನಡೀರಿ" ಅನ್ನುತ್ತಾಳೆ. ನಗರದಂಚಿನ ಹೊಸ ಬಡಾವಣೆಯೊಂದರಲ್ಲಿ "ಕಾವೇರಿ ಇದೆಯಾ?" ಎಂದು ಕೇಳಿದ್ದಕ್ಕೆ ಓನರ್ "ಇದೆಯಲ್ಲಾ!" ಎಂದು ಪೈಪು ತೋರಿಸಿದರು. "ನೀರು?" "ಬರುತ್ತೆ ಬಿಡೀಮ್ಮಾ." 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಕಾದವರಿಗೆ ಇನ್ನಷ್ಟು ದಿನ ಏನು ಮಹಾ!

ಇನ್ನು ಗೋಡೆ. ಉಳಿದ ಗೋಡೆಯೆಲ್ಲ ಮಾಸಿದ್ದು, ಬುಡದಲ್ಲಿ ಮಾತ್ರ ಒಂದಡಿ ಎತ್ತರಕ್ಕೆ ಹೊಸ ಬಣ್ಣ ಮಿರಮಿರ ಅನ್ನುತ್ತಿದ್ದರೆ ಅದರ ಹಿಂದೆ ತೇವ ಇದೆ. ಒಂದು ಮನೆಯಲ್ಲಿ ಹೆಂಡತಿ ಅದನ್ನು ಉಗುರಿನಲ್ಲಿ ಮೆಲ್ಲಗೆ ಕೆರೆದಳು. ಗಾರೆ ಪುಡಿಪುಡಿಯಾಗಿ ಉದುರಿತು. "ಅದು ಡಿಸೈನು" ಎಂದರು ಓನರ್. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವವರು ಬಳಿಯುವುದು ಇದೇ ಒಂದಡಿ.

ಅಡ್ವಾನ್ಸ್ ಹತ್ತು ತಿಂಗಳದ್ದು ಎಂದರು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದಲ್ಲ ಎಂದು ನೆನಪಿಸಿದೆ. "ಅದು ಮಾದರಿ ಸಾರ್, ಇದು ಮನೆ" ಎಂದರು.

ಓನರ್, ಬ್ರೋಕರ್ ಇಬ್ಬರೂ ಹೇಳದ್ದನ್ನು ಬೀದಿ ಮೂಲೆಯ ಇಸ್ತ್ರಿ ಗಾಡಿಯವರು ಹೇಳುತ್ತಾರೆ. "ಆ ಮನೇನಾ ಸಾರ್? ಅಲ್ಲಿಂದ ಬಟ್ಟೆ ಕೊಡೋರು ವರ್ಷಕ್ಕೊಬ್ಬರು ಬದಲಾಗ್ತಾರೆ" ಎಂದು ಹೇಳಿ, ಅವರು ಕೆಂಡಕ್ಕೆ ಗಾಳಿ ಹಾಕತೊಡಗಿದರು. ಮುಂದೆ ಕೇಳಬೇಕಾದ್ದು ಏನೂ ಉಳಿಯಲಿಲ್ಲ.

ಇಷ್ಟೆಲ್ಲ ಪತ್ತೇದಾರಿಕೆ ಬೇಡವೆಂದರೆ ಆಷಾಢದಲ್ಲಿ ಮನೆ ನೋಡಿ. ಆಗ ಹಾಲುಕ್ಕಿಸುವವರು ಕಡಿಮೆ, ಟು-ಲೆಟ್ ಬೋರ್ಡುಗಳು ಗೇಟಿನಲ್ಲೇ ನೇತಾಡುತ್ತಿರುತ್ತವೆ, ಓನರ್ ದನಿಯೂ ಮೆತ್ತಗಾಗಿರುತ್ತದೆ. ಮಳೆ ಹಿಡಿದರಂತೂ ಗೋಡೆಯೇ ನಿಜ ಹೇಳಿಬಿಡುತ್ತದೆ. ಮಾತುಕತೆ ಆಗಲೇ ಮುಗಿಸಿಕೊಳ್ಳಿ; ಹಾಲುಕ್ಕಿಸಲು ಹೇಗೂ ಶ್ರಾವಣ ಇದ್ದೇ ಇದೆ.