ರಟ್ಟು ಹೊಸದು, ಪಟ್ಟಿ ಹಳೆಯದು

(ಅಮೆರಿಕದ ಫೆಡರಲ್ ನಿಯಮಸಂಹಿತೆಯ ಒಂದು ಸಂಪುಟ, ಕಪಾಟಿನಿಂದ ಕೆಳಗಿಳಿಯದೆಯೇ ನೀಡಿದ ಸಂದರ್ಶನ)

ತಮ್ಮ ಪರಿಚಯ?

29 ಸಿಎಫ್‌ಆರ್ 1910. ಅದರಲ್ಲೂ 1910.1000ರಿಂದ ಕೊನೆಯವರೆಗೆ. ಮೊದಲ ಭಾಗ ಪಕ್ಕದ ಸಂಪುಟದಲ್ಲಿದೆ. ಏಣಿ, ಮೆಟ್ಟಿಲು ಅವನವು; ವಿಷವೆಲ್ಲ ನನ್ನದು.

1910 ಜನ್ಮವರ್ಷವೇ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅದು ಮನೆ ನಂಬರು ಕಣ್ರೀ. 29 ಅಂದರೆ ಕಾರ್ಮಿಕರ ಬೀದಿ. ಅಂಥ ಬೀದಿಗಳು ಒಟ್ಟು 50. 1910 ಸಾಮಾನ್ಯ ಉದ್ಯಮ, 1926 ಕಟ್ಟಡ ಕೆಲಸ. ಕಾರ್ಮಿಕರ ಸುರಕ್ಷತೆಯ ಕಾನೂನಿಗೆ ಅಧ್ಯಕ್ಷ ನಿಕ್ಸನ್ ಸಹಿ ಬಿದ್ದದ್ದು 1970ರ ಡಿಸೆಂಬರಿನಲ್ಲಿ. ನಾನು ಹುಟ್ಟಿದ್ದು ಮರುವರ್ಷ.

ಇಷ್ಟೊಂದು ನಂಬರು ಯಾಕೆ?

ಶಿಸ್ತು! ಸಿಲಿಕಾ ದೂಳು ಕಾರ್ಖಾನೆಯಲ್ಲಿ ಎದ್ದರೆ 1910.1053, ಕಟ್ಟಡದ ಕೆಲಸದಲ್ಲಿ ಎದ್ದರೆ 1926.1153.

ಶ್ವಾಸಕೋಶ?

ಅದಕ್ಕೆ ನಂಬರಿಲ್ಲ.

ವರ್ಷವರ್ಷ ಹೊಸದಾಗಿ ಬರುತ್ತೀರಂತೆ?

ಹೌದು, ಜುಲೈ 1ರ ಲೆಕ್ಕಕ್ಕೆ ಮರುಮುದ್ರಣ. ತಿದ್ದುಪಡಿಗಳು ಮೊದಲು ಫೆಡರಲ್ ರಿಜಿಸ್ಟರಿನಲ್ಲಿ ಬರುತ್ತವೆ. ಅದು ಕೆಲಸದ ದಿನಗಳಲ್ಲೆಲ್ಲ ಹೊರಡುವ ಸರ್ಕಾರಿ ಗೆಜೆಟ್ಟು. ಆಮೇಲೆ ನನ್ನೊಳಗೆ. ರಟ್ಟಿನ ಬಣ್ಣವೂ ಬದಲಾಗುತ್ತದೆ, ನೋಡಿ.

ಗಾಳಿಯಲ್ಲಿ ಇಷ್ಟೇ ವಿಷ ಇರಬಹುದು ಎಂಬ ಒಳಗಿನ ಮಿತಿಗಳು?

(ಕೆಮ್ಮುತ್ತದೆ. ದೂಳು ಏಳುತ್ತದೆ.) ಬಹುಪಾಲು 1968ರ ಅಂಕಿಗಳು.

ಅರ್ಧ ಶತಮಾನ ದಾಟಿತಲ್ಲ! ತಿದ್ದಲಿಲ್ಲವೇ?

ತಿದ್ದಿದರಪ್ಪ! 1989ರಲ್ಲಿ ಒಂದೇ ಏಟಿಗೆ 400ಕ್ಕೂ ಹೆಚ್ಚು ವಸ್ತುಗಳಿಗೆ ಮಿತಿ ಹಾಕಿದರು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ, ಹೀಗೆ ಗಂಟು ಕಟ್ಟಿ ತಂದರೆ ನಡೆಯದು, ಒಂದೊಂದಕ್ಕೂ ಅಪಾಯ ಸಾಬೀತು ಮಾಡಿ ಅಂತ ಪೂರ್ತಿ ರದ್ದು ಮಾಡಿತು. ಮತ್ತೆ ಹಳೇ ಪಟ್ಟಿಯೇ ಗತಿ.

ಈ ಮಿತಿಗಳನ್ನು ಹಾಕುವ ಓಶಾ ಇಲಾಖೆಯವರು ಏನನ್ನುತ್ತಾರೆ?

ಅವರು ಪ್ರಾಮಾಣಿಕರು. ಅನೇಕ ಮಿತಿಗಳು ಹಳತಾಗಿವೆ, ಕಾರ್ಮಿಕರ ಆರೋಗ್ಯ ಕಾಯಲು ಸಾಲವು ಅಂತ ಅವರೇ ಪ್ರಕಟಿಸಿದ್ದಾರೆ. ಪಕ್ಕದಲ್ಲೇ ಬೇರೆಯವರ ಬಿಗಿಯಾದ ಅಂಕಿಗಳನ್ನೂ ಕೊಟ್ಟಿದ್ದಾರೆ. ಪಾಲಿಸಬೇಕೆಂಬ ಕಡ್ಡಾಯ ಮಾತ್ರ ಇಲ್ಲ.

ಅಂದರೆ, ಕಾನೂನು ಮೀರದೆಯೇ ಕಾಯಿಲೆ ಬೀಳಬಹುದು?

ನಿಯಮಬದ್ಧವಾಗಿ.

ಒಂದೊಂದನ್ನೇ ತಿದ್ದುತ್ತ ಹೋದರೆ?

ಸಿಲಿಕಾಗೆ 2016ರಲ್ಲಿ ಘನಮೀಟರಿಗೆ 50 ಮೈಕ್ರೋಗ್ರಾಂ ಎಂದು ಹೊಸ ಮಿತಿ ಬಂತಲ್ಲ. ಆದರೆ 1981ರಿಂದ 2010ರವರೆಗಿನ ಲೆಕ್ಕ ತೆಗೆದವರ ಪ್ರಕಾರ ಒಂದು ಮಾನದಂಡ ಹೊರಬರಲು ಸರಾಸರಿ ಏಳು ವರ್ಷಕ್ಕೂ ಹೆಚ್ಚು.

400 ವಸ್ತುಗಳಿಗೆ 2,800 ವರ್ಷವಾಯಿತು!

ಕೋರ್ಟಿನ ವಾಯಿದೆಗಳನ್ನು ನೀವು ಸೇರಿಸಿಲ್ಲ.